ದೊಡ್ಡ ರಜೆಗೆ ಮೊದಲು ಕೆಲಸ ಸೊರಗುತ್ತದೆ: ಟೀಮ್ ಲೀಡ್ ಗಮನಿಸಬೇಕಾದದ್ದು

ಮನಸ್ಸು ಸೋತು ಹಾಕುವ ದೊಡ್ಡ ರಜೆ ಸಾಮಾನ್ಯವಾಗಿ ದಿಢೀರ್ ಅಂತ ಬರುವುದಿಲ್ಲ. ಅದಕ್ಕೂ ಮೊದಲು ಕೆಲಸ ಸೊರಗುತ್ತದೆ. ಆದರೆ ಜನ ಸೀಟಿನಲ್ಲೇ ಇರುತ್ತಾರೆ, ಹಾಜರಾತಿ ಪೂರ್ತಿ ಇರುತ್ತದೆ. ನಾನು ಬಿಲ್ಲಿಂಗ್ ವಿಭಾಗದ ಟೀಮ್ ಲೀಡ್. ಹಾಜರಾತಿ ನೋಡಿ ಯಾರ ಕಷ್ಟವೂ ನನಗೆ ಗೊತ್ತಾಗಿಲ್ಲ.

ಒಬ್ಬರ ಕೆಲಸವನ್ನು ಅವರದೇ ಹಳೆಯ ಕೆಲಸದ ಜೊತೆ ಹೋಲಿಸಿ, ಪಕ್ಕದವರ ಜೊತೆ ಬೇಡ. ಮೊದಲಿಂದಲೂ ನಿಧಾನ ಇರುವವರದು ಸ್ವಭಾವ. ಚುರುಕಾಗಿದ್ದವರು ಕೆಲವು ವಾರದಿಂದ ನಿಧಾನವಾದರೆ ವಿಚಾರಿಸಬೇಕು. ಕಣ್ಮುಚ್ಚಿ ಮಾಡುತ್ತಿದ್ದ ಕೆಲಸದಲ್ಲೇ ತಪ್ಪು ಬರುತ್ತಿದೆಯಾ? ಸುಲಭದ ಬಿಲ್ಲೆಲ್ಲ ಮುಗಿದು, ತಕರಾರಿನ ಫೈಲು ಮಾತ್ರ ಹಾಗೇ ಬಿದ್ದಿದೆಯಾ? ಅಷ್ಟೇ ಕೆಲಸಕ್ಕೆ ರಾತ್ರಿವರೆಗೂ ಕೂರುತ್ತಿದ್ದಾರಾ? ಈ ಕೊನೆಯದು ಬಹಳ ಮೋಸ ಮಾಡುತ್ತದೆ. ಮೇಲಿನವರು ಅದನ್ನೇ ಶ್ರದ್ಧೆ ಅಂತ ಹೊಗಳಿಬಿಡುತ್ತಾರೆ!

ನಿಮ್ಮ ಕಣ್ಣಳತೆ ಸಾಲದು, ಅವರನ್ನೇ ಕೇಳಿ. ಆರೋಗ್ಯ ಮತ್ತು ಕೆಲಸದ ಗುಣಮಟ್ಟದ ಬಗ್ಗೆ ಕೇಳುವ, ವಿಶ್ವ ಆರೋಗ್ಯ ಸಂಸ್ಥೆಯ ಎಚ್‌ಪಿಕ್ಯೂ ಎಂಬ ಪ್ರಶ್ನಾವಳಿಯಲ್ಲಿ ಒಂದು ಸರಳ ಪ್ರಶ್ನೆಯಿದೆ: ಕಳೆದ 4 ವಾರದ ನಿಮ್ಮ ಕೆಲಸಕ್ಕೆ 0ಯಿಂದ 10ರೊಳಗೆ ನೀವೇ ಎಷ್ಟು ಅಂಕ ಕೊಡುತ್ತೀರಿ? ಜಪಾನಿನ ಉದ್ಯೋಗಿಗಳ ಒಂದು ಅಧ್ಯಯನದಲ್ಲಿ, ತಮಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡವರು ಮುಂದೆ ಮಾನಸಿಕ ಕಾಯಿಲೆಯ ರಜೆಗೆ ಹೋಗುವ ಸಂಭವ ಜಾಸ್ತಿ ಕಂಡಿತ್ತು. ಆದರೆ ಈ ಅಂಕ ಅಪ್ರೈಸಲ್‌ಗೆ ಹೋಗಲೇಬಾರದು. ಹೋಗುತ್ತದೆ ಅಂತ ಗೊತ್ತಾದರೆ ಎಲ್ಲರೂ 9 ಅಂತಲೇ ಹೇಳುತ್ತಾರೆ, ಅಲ್ವಾ?

ಅಂಕ ಇಳಿದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಹೊಸ ಸಾಫ್ಟ್‌ವೇರ್, ಮನೆಯಲ್ಲಿ ಎಳೆಮಗು, ಥೈರಾಯ್ಡ್, ಏನು ಬೇಕಾದರೂ ಇರಬಹುದು. ಹಾಗಾಗಿ "ಡಿಪ್ರೆಶನ್ನಾ?" ಅಂತ ಕೇಳಬೇಡಿ. ಒಬ್ಬರೇ ಇರುವಾಗ, ಕಂಡದ್ದನ್ನಷ್ಟೇ ಹೇಳಿ: "ಈ ತಿಂಗಳು ತಕರಾರಿನ ಫೈಲು ಬಾಕಿ ಉಳೀತಿವೆ, ಮುಂಚೆ ಹೀಗಿರಲಿಲ್ಲ. ಏನಾದ್ರೂ ಭಾರ ಆಗ್ತಿದೆಯಾ?" ಆಮೇಲೆ ಸುಮ್ನಿರಿ. ಈ ಸುಮ್ನಿರೋದೇ ನಮ್ಮಂಥ ಲೀಡ್‌ಗಳಿಗೆ ಕಷ್ಟ. ತಕ್ಷಣ ಸಲಹೆ ಕೊಡೋಕೆ ಬಾಯಿ ತುರಿಸುತ್ತದೆ.

"ಏನಿದ್ರೂ ಹೇಳಿ" ಅನ್ನುವ ಬದಲು ಒಂದು ಕೆಲಸವನ್ನು ನಿಜಕ್ಕೂ ಅವರ ಕೈಯಿಂದ ತೆಗೆಯಿರಿ. ನಾನು ಮೊದಲು ತೆಗೆಯುವುದು ಸಿಟ್ಟಿನ ಗ್ರಾಹಕರ ಫೋನು. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಲು ಹೇಳಿ, ಅದಕ್ಕೆ ಕೆಲಸದ ಹೊತ್ತಿನಲ್ಲೇ ಬಿಡುವು ಕೊಡಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ನೆರವು ಕೊಡಿಸಿ.

ಇಷ್ಟಾದರೂ ರಜೆ ಬೇಕಾಗಬಹುದು. ಬೇಕಾದರೆ ತಡೆಯಬೇಡಿ. ವಾಪಸ್ ಬಂದವರಿಗೆ ಬಾಕಿ ಫೈಲನ್ನೆಲ್ಲ ಮೊದಲ ದಿನವೇ ಮೇಜಿನ ಮೇಲೆ ಇಡಬೇಡಿ. ಅವು ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿರಬೇಕು.