ಉಬ್ಬರದ ಲೆಕ್ಕ ಹಾಕಿ ಶಿಲ್ಪ ನೋಡುವುದು

ಲಿವರ್‌ಪೂಲ್‌ಗೆ ಬಂದ ನೆಂಟರು ಬೀಟಲ್ಸ್ ಮ್ಯೂಸಿಯಂ, ಹಡಗುಕಟ್ಟೆ ಎಲ್ಲ ನೋಡಿ ಮುಗಿಸಿದ ಮೇಲೆ ‘ಇನ್ನೇನಿದೆ ನಿಮ್ಮೂರಲ್ಲಿ?’ ಅಂತ ಕೇಳುತ್ತಾರೆ. ನಾನು ಕ್ರಾಸ್ಬಿ ಬೀಚಿಗೆ ಕರೆದುಕೊಂಡು ಹೋಗುತ್ತೇನೆ. ಯಾವ ದಿನ, ಎಷ್ಟು ಹೊತ್ತಿಗೆ ಅನ್ನೋದು ಮಾತ್ರ ನೆಂಟರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಅದನ್ನು ಹೇಳೋದು ಉಬ್ಬರ ಇಳಿತದ ಪಟ್ಟಿ.

ಅಲ್ಲಿರುವುದು ಬ್ರಿಟಿಷ್ ಶಿಲ್ಪಿ ಆಂಟನಿ ಗಾರ್ಮ್ಲಿ ಅವರ ‘ಅನದರ್ ಪ್ಲೇಸ್’. ಎರಕದ ಕಬ್ಬಿಣದ 100 ಮನುಷ್ಯರು. ತೀರದುದ್ದಕ್ಕೂ ಸುಮಾರು 3 ಕಿ.ಮೀ. ಹರಡಿಕೊಂಡು ನಿಂತಿದ್ದಾರೆ. ಕೆಲವರು ಹೆಚ್ಚುಕಡಿಮೆ 1 ಕಿ.ಮೀ. ಸಮುದ್ರದ ಒಳಗಿದ್ದಾರೆ. ಒಬ್ಬೊಬ್ಬನ ಎತ್ತರ 189 ಸೆಂ.ಮೀ., ತೂಕ 650 ಕೆ.ಜಿ. ಎಲ್ಲರ ಮುಖ ಸಮುದ್ರದ ಕಡೆಗೆ. ಮೈಮೇಲೆ ಬಟ್ಟೆ ಇಲ್ಲ. 1997ರಲ್ಲಿ ಜರ್ಮನಿಯ ಕುಕ್ಸ್‌ಹಾಫೆನ್‌ನಲ್ಲಿ ಮೊದಲು ನಿಂತರು, ಆಮೇಲೆ ನಾರ್ವೆಯ ಸ್ಟಾವಾಂಗರ್, ಬೆಲ್ಜಿಯಂನ ಡೆ ಪಾನೆ ಸುತ್ತಿ 2005ರಲ್ಲಿ ಇಲ್ಲಿಗೆ ಬಂದರು.

ಈಗ ನೀರಿನ ವಿಷಯ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ ಎರಡು ಮೀಟರ್. ಮಲ್ಪೆಯಲ್ಲಿ ನೀರು ಸ್ವಲ್ಪ ಮೇಲೆ ಬಂತು, ಸ್ವಲ್ಪ ಕೆಳಗೆ ಹೋಯಿತು, ಅಷ್ಟೇ. ಲಿವರ್‌ಪೂಲ್ ಕೊಲ್ಲಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಈ ವ್ಯತ್ಯಾಸ 9 ಮೀಟರಿಗೂ ಹೋಗುತ್ತದೆ. ತೀರ ಬಹಳ ಚಪ್ಪಟೆ ಇರುವುದರಿಂದ ನೀರು ಇಳಿದಾಗ ಎಲ್ಲೋ ದೂರದಲ್ಲಿ ಒಂದು ಗೆರೆಯಂತೆ ಕಾಣುತ್ತದೆ. ಉಬ್ಬರ ಬಂದಾಗ ಅದೇ ನೀರು ದಡದ ಕಟ್ಟೆಯ ಬುಡಕ್ಕೆ ಬಂದಿರುತ್ತದೆ. ನಡುವೆ ಈ ನೂರು ಜನ.

ಇನ್ನೊಂದು ಅನುಕೂಲ ಇದೆ. ಲಿವರ್‌ಪೂಲ್‌ನಲ್ಲಿ ದೊಡ್ಡ ಉಬ್ಬರ ಯಾವಾಗಲೂ ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಆಸುಪಾಸಿನಲ್ಲೇ ಬರುತ್ತದೆ. ಅಂದರೆ ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದು ಒಂದೆರಡು ದಿನಕ್ಕೆ ಹೋದರೆ, ಮಧ್ಯಾಹ್ನ ನೀರು ತುಂಬಿರುತ್ತದೆ, ಸಂಜೆ ಆರೇಳರ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಒಂಬತ್ತೂವರೆ ದಾಟಿದರೂ ಸೂರ್ಯ ಮುಳುಗುವುದಿಲ್ಲ. ಹಾಗಾಗಿ ಒಂದೇ ಮಧ್ಯಾಹ್ನದಲ್ಲಿ ಇಡೀ ಆಟ ನೋಡಬಹುದು. ಅಮ್ಮ ಊರಿಂದ ಬಂದಾಗ ಇದನ್ನು ಹೇಳಿದೆ. ಅವರು ಬ್ಯಾಗಿನಲ್ಲಿ ತಂದಿದ್ದ ಕ್ಯಾಲೆಂಡರ್ ತೆಗೆದು ‘ಹಾಗಾದ್ರೆ ಗುರುವಾರ ಹೋಗುವ’ ಅಂದರು. ಆಮೇಲೆ ಪಟ್ಟಿ ತೆಗೆದು ನೋಡಿದೆ, ಗುರುವಾರವೇ ಸರಿ ಇತ್ತು. ಗಂಟೆ ನಿಮಿಷಕ್ಕೆ ಮಾತ್ರ ಪಟ್ಟಿಯನ್ನೇ ನಂಬಿ.

ನಾನು ಹೋಗುವ ದಾರಿ ಹೀಗೆ. ಲಿವರ್‌ಪೂಲ್ ಸೆಂಟ್ರಲ್‌ನಿಂದ ಸೌತ್‌ಪೋರ್ಟ್ ಕಡೆಯ ಮರ್ಸಿರೈಲ್ ಹತ್ತಿ ಬ್ಲಂಡೆಲ್‌ಸ್ಯಾಂಡ್ಸ್ ಮತ್ತು ಕ್ರಾಸ್ಬಿ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಬೀಚಿಗೆ ಹತ್ತು ನಿಮಿಷದ ನಡಿಗೆ. ಉಬ್ಬರ ತುಂಬಿರುವಾಗಲೇ ತಲುಪುತ್ತೇನೆ. ಮೊದಲ ಸಲ ಬಂದವರಿಗೆ ಆಗ ಸ್ವಲ್ಪ ನಿರಾಸೆ ಆಗುತ್ತದೆ. ‘ಎಲ್ಲಿದ್ದಾರೆ ನಿಮ್ಮ ನೂರು ಜನ?’ ಅಂತ ಕೇಳುತ್ತಾರೆ. ಸುಮ್ನೆ ಕೂತ್ಕೊಳ್ಳಿ ಅನ್ನುತ್ತೇನೆ. ಫ್ಲಾಸ್ಕಿನಲ್ಲಿ ಚಹಾ ಇರುತ್ತದೆ. ಸ್ವಲ್ಪ ಹೊತ್ತಿಗೆ ಅಲೆಗಳ ನಡುವೆ ಒಂದು ಕಪ್ಪು ಚುಕ್ಕೆ. ನೀರುಹಕ್ಕಿ ಇರಬೇಕು ಅನಿಸುತ್ತದೆ. ಅದು ತಲೆ. ಆಮೇಲೆ ಕುತ್ತಿಗೆ, ಹೆಗಲು. ಅಷ್ಟರಲ್ಲಿ ಎಡಗಡೆ ಇನ್ನೊಬ್ಬ, ಅವನಿಂದಾಚೆ ಮತ್ತೊಬ್ಬ. ದಡದಲ್ಲಿ ಕೂತವರು ಗೊತ್ತಿಲ್ಲದೆ ಎಣಿಸಲು ಶುರು ಮಾಡುತ್ತಾರೆ. ನೂರನ್ನೂ ಎಣಿಸಿ ಮುಗಿಸಬೇಕು ಅಂತ ಹಟ ಹಿಡಿಯುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ದಂಡ. ಒಬ್ಬನನ್ನು ಆರಿಸಿಕೊಂಡು ಅವನು ತಲೆಯಿಂದ ಪಾದದವರೆಗೆ ಹೊರಗೆ ಬರುವುದನ್ನು ನೋಡಿ. ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಹಾಗೆ ನೋಡಿದವನ ಗುರುತು ಆಮೇಲೆ ಮರೆಯುವುದಿಲ್ಲ.

ಹತ್ತಿರದವರ ಬಳಿ ಹೋದಾಗ ಎದೆ ನೋಡಿ. ಇವೆಲ್ಲ ಗಾರ್ಮ್ಲಿ ತಮ್ಮ ಮೈಯಿಂದಲೇ ತೆಗೆಸಿದ 17 ಅಚ್ಚುಗಳಿಂದ ಬಂದವು. ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಂಡು, ಅದರ ಮೇಲೆ ಪ್ಲಾಸ್ಟರ್ ಮೆತ್ತಿಸಿಕೊಂಡು, ಅದು ಗಟ್ಟಿಯಾಗುವವರೆಗೆ ಅಲ್ಲಾಡದೆ ನಿಲ್ಲುವುದು ಅವರ ರೂಢಿ. ನಿಲುವು ಹೆಚ್ಚುಕಡಿಮೆ ಒಂದೇ, ಆದರೆ ಉಸಿರು ಬೇರೆ. ಒಬ್ಬನ ಎದೆ ಉಬ್ಬಿದೆ, ಇನ್ನೊಬ್ಬ ಉಸಿರು ಬಿಟ್ಟು ಸಡಿಲಾಗಿದ್ದಾನೆ. 1970ರ ದಶಕದ ಮೊದಲಲ್ಲಿ ಅವರು ಭಾರತಕ್ಕೆ ಬಂದು ವಿಪಶ್ಯನ ಧ್ಯಾನ ಕಲಿತಿದ್ದರು. ಅಲ್ಲಾಡದೆ ಕೂತು ಉಸಿರನ್ನೇ ಗಮನಿಸುವ ಆ ಅಭ್ಯಾಸ ಇಲ್ಲಿ ಕಬ್ಬಿಣದಲ್ಲಿ ಕಾಣುತ್ತದೆ ಅಂತ ನನಗನಿಸುತ್ತದೆ.

ಬಟ್ಟೆ ಇಲ್ಲದ್ದಕ್ಕೆ ಅಮ್ಮ ಏನೂ ಅನ್ನಲಿಲ್ಲ. ನಾವು ಕಾರ್ಕಳದವರು ಅಲ್ವಾ. 1432ರಿಂದ ಗುಡ್ಡದ ಮೇಲೆ 42 ಅಡಿಯ ಗೊಮ್ಮಟ ಹಾಗೇ ನಿಂತಿದ್ದಾನೆ. ಅವರ ಕಣ್ಣು ಹೋದದ್ದು ಕಾಲಿಗೆ. ‘ಇವನಿಗೂ ಬಳ್ಳಿ ಹತ್ತಿದೆಯಲ್ಲ ಮಾರಾಯ್ತಿ’ ಅಂದರು. ನೋಡಿದರೆ ಬಳ್ಳಿಯಲ್ಲ, ಪಾಚಿ. ಆದರೆ ಅವರು ಹೇಳಿದ್ದು ಸರಿಯೇ. ಬಾಹುಬಲಿ ಅಲ್ಲಾಡದೆ ನಿಂತದ್ದಕ್ಕೆ ಬಳ್ಳಿ ಸುತ್ತಿತು, ಹುತ್ತ ಬೆಳೆಯಿತು. ನಮ್ಮ ಶಿಲ್ಪಿಗಳು ಆ ಬಳ್ಳಿಯನ್ನೂ ಕಲ್ಲಿನಲ್ಲೇ ಕೆತ್ತಿಟ್ಟರು. ಇಲ್ಲಿ ಆ ಕೆಲಸವನ್ನು ಸಮುದ್ರವೇ ಮಾಡುತ್ತಿದೆ.

ದಡದ ಹತ್ತಿರ ಇರುವವರ ಮೈ ತುಕ್ಕಿನ ಬಣ್ಣ. ಬೆರಳಾಡಿಸಿದರೆ ಒರಟು, ಅಲ್ಲಲ್ಲಿ ತೆಳ್ಳಗೆ ಹಪ್ಪಳೆ ಏಳುತ್ತಿದೆ. ಕೆಲವರು ಮಂಡಿಯವರೆಗೆ ಮರಳಿನಲ್ಲಿ ಹೂತಿದ್ದಾರೆ, ಮುಂದಿನ ಸಲ ಬಂದಾಗ ಅವರದೇ ಪಾದ ಕಾಣಬಹುದು. ಮರಳು ಅಷ್ಟು ಓಡಾಡುತ್ತದೆ. ನೀರು ಕಾಲನ್ನು ಸುತ್ತಿಕೊಂಡು ಹೋಗುವಾಗ ಅಲ್ಲಿನ ಮರಳು ಎದ್ದುಹೋಗಿ ಬುಡದಲ್ಲಿ ಒಂದು ಚಿಕ್ಕ ಗುಂಡಿ ಆಗುತ್ತದೆ, ಇಳಿತದಲ್ಲೂ ನೀರು ನಿಂತಿರುತ್ತದೆ. ಮಕ್ಕಳಿಗೆ ಶಿಲ್ಪಕ್ಕಿಂತ ಆ ಗುಂಡಿಯ ಮೇಲೇ ಪ್ರೀತಿ. ದೂರದವರನ್ನು ಬೈನಾಕ್ಯುಲರ್‌ನಲ್ಲಿ ನೋಡಿದರೆ ಮೈ ಕಪ್ಪು, ಹಸಿರು, ಮೇಲೆ ಬಿಳಿ ಬಿಳಿ ಹರಳು ಮೆತ್ತಿದಂತೆ. ಅವು ಬಾರ್ನಕಲ್‌ಗಳು, ಬಂಡೆಗೆ, ದೋಣಿಯ ತಳಕ್ಕೆ ಅಂಟಿಕೊಳ್ಳುವ ಚಿಪ್ಪಿನ ಜೀವಿಗಳು. ಇಲ್ಲಿರುವುದರಲ್ಲಿ ಒಂದು ಜಾತಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯಿಂದ ಬಂದು ಬ್ರಿಟನ್ನಿನಲ್ಲಿ ನೆಲೆಸಿದ್ದು. ಪ್ರತಿಮೆಯ ಯಾವ ಯಾವ ಸಂದಿನಲ್ಲಿ ಅದು ಮನೆ ಮಾಡುತ್ತದೆ, ಒಳತೊಡೆಯೂ ಸೇರಿ, ಅಂತ ವಿಜ್ಞಾನಿಗಳು 2012ರಲ್ಲಿ ಪ್ರಬಂಧವನ್ನೇ ಬರೆದಿದ್ದಾರೆ. ಪುಣ್ಯಾತ್ಮರು ಎಷ್ಟು ಹತ್ತಿರದಿಂದ ನೋಡಿರಬೇಕು!

ದೂರದವರಿಗೆ ಬೈನಾಕ್ಯುಲರ್ ಅಂದದ್ದು ಸುಮ್ನೆ ಅಲ್ಲ. ನೀರಿಳಿದಾಗ ತೀರ ಮೈದಾನದ ಹಾಗೆ ಕಂಡರೂ ಅಲ್ಲಿ ಕೆಸರು ಇದೆ, ಕಾಲು ಹೂತುಕೊಳ್ಳುವ ಮೆತ್ತಗಿನ ಮರಳಿದೆ. ಉಬ್ಬರ ವಾಪಸ್ ಬರುವಾಗ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ಕಟ್ಟೆಯಿಂದ 50 ಮೀಟರ್ ದಾಟಬೇಡಿ, ಕೊನೆಯ ಸಾಲಿನವರೆಗೆ ನಡೆಯಬೇಡಿ ಅಂತ ಸ್ಥಳೀಯ ಆಡಳಿತವೇ ಹೇಳುತ್ತದೆ. ಯಾರಾದರೂ ಸಿಕ್ಕಿಕೊಂಡದ್ದು ಕಂಡರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಬೇಕು. ಇದೇ ಅಪಾಯದ ಮಾತಿನಿಂದ ಈ ಶಿಲ್ಪಗಳು ಇಲ್ಲಿಂದ ಹೊರಡುವುದರಲ್ಲಿದ್ದವು. 2006ರ ನವೆಂಬರ್‌ನಲ್ಲಿ ನ್ಯೂಯಾರ್ಕಿಗೆ ಹೋಗಬೇಕಿತ್ತು. ಸಣ್ಣ ದೋಣಿಯವರು, ಹಕ್ಕಿಗಳ ಬಗ್ಗೆ ಕಾಳಜಿ ಇದ್ದವರು ಬೇಡ ಅಂದರು, ಊರಲ್ಲಿ ಬಹಳ ಜನ ಬೇಕು ಅಂದರು. 2007ರ ಮಾರ್ಚ್‌ನಲ್ಲಿ ಉಳಿಸಿಕೊಳ್ಳುವ ತೀರ್ಮಾನ ಆಯಿತು, ಕೆಲವನ್ನು ಜಾಗ ಬದಲಾಯಿಸುವ ಷರತ್ತಿನೊಂದಿಗೆ. ಈಗ ಚಳಿಗಾಲದಲ್ಲಿ ಯಾರೋ ಬಂದು ಮಫ್ಲರ್ ಸುತ್ತಿ ಹೋಗುತ್ತಾರೆ, ಕ್ರಿಸ್ಮಸ್‌ಗೆ ಕೆಂಪು ಟೋಪಿ ಹಾಕುತ್ತಾರೆ. ಕಲೆಗೆ ಅವಮಾನ ಅಂತ ಗೊಣಗುವವರೂ ಇದ್ದಾರೆ. ನನಗೇನೂ ಬೇಜಾರಿಲ್ಲ.

ನೀರು ಇಳಿಯುತ್ತಿರುವಾಗ ಕೂತು ಕೂತು ಬೇಸರವಾದರೆ ಉತ್ತರಕ್ಕೆ ಹಾಲ್ ರೋಡ್ ಕಡೆ ನಡೆಯಿರಿ. ಪ್ರತಿಮೆಗಳ ಸಾಲು ಮುಗಿದ ಮೇಲೆ ತೀರವೆಲ್ಲ ಇಟ್ಟಿಗೆ. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳಿಗೆ ಲಿವರ್‌ಪೂಲ್‌ನ ಕಟ್ಟಡಗಳು ಉರುಳಿದವು. ಆ ಅವಶೇಷವನ್ನು ತಂದು ಸುರಿದದ್ದು ಇಲ್ಲಿ. ಅಲೆಗೆ ಸವೆದು ಇಟ್ಟಿಗೆಗಳೆಲ್ಲ ದುಂಡಗಾಗಿವೆ. ನಡುವೆ ಕಂಬದ ತುಂಡು, ಕೆತ್ತನೆಯ ಕಲ್ಲು ಬಿದ್ದಿರುತ್ತವೆ. ಯಾವುದೋ ಬ್ಯಾಂಕಿನದೋ ಚರ್ಚಿನದೋ ಬಾಗಿಲ ಮೇಲಿದ್ದಿರಬೇಕು. ಇದನ್ನು ಯಾರೂ ಪ್ರದರ್ಶನಕ್ಕೆ ಇಟ್ಟದ್ದಲ್ಲ, ಆದರೆ ನನ್ನ ಜೊತೆ ಬಂದವರು ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಚಪ್ಪಲಿ ಬೇಡ, ಗಟ್ಟಿ ಶೂ ಇರಲಿ. ಬಿಸಿಲಿದ್ದರೂ ಗಾಳಿ ತಡೆಯುವ ಜಾಕೆಟ್ ಬೇಕೇಬೇಕು.

ಅಲ್ಲಿಂದ ತಿರುಗಿ ದಕ್ಷಿಣಕ್ಕೆ ನಡೆದು ಬರುವಷ್ಟರಲ್ಲಿ ಎಲ್ಲರೂ ಹೊರಗೆ ಬಂದಿರುತ್ತಾರೆ. ಹಿನ್ನೆಲೆಯಲ್ಲಿ ಸಮುದ್ರದೊಳಗಿನ ಬರ್ಬೋ ಬ್ಯಾಂಕ್ ಎಂಬ ಮರಳುದಿಬ್ಬದ ಗಾಳಿಯಂತ್ರಗಳು, ಬಂದರಿನ ಕೆಂಪು ಕ್ರೇನ್‌ಗಳು, ಮರ್ಸಿ ನದಿಗೆ ನುಗ್ಗುವ ಕಂಟೇನರ್ ಹಡಗು. ‘ಎಲ್ಲರೂ ಅದೇ ಕಡೆ ನೋಡ್ತಾ ಇದ್ದಾರಲ್ಲ, ಯಾರು ಬರ್ಲಿಕ್ಕುಂಟು?’ ಅಂತ ಅಮ್ಮ ಕೇಳಿದರು. ಅಷ್ಟರಲ್ಲಿ ಅವರಿಗೆ ಹಸಿವಾಗಿತ್ತು. ಹಾಲ್ ರೋಡ್ ಕಡೆ ತಿನ್ನಲು ಏನೂ ಸಿಗುವುದಿಲ್ಲ, ಅದಕ್ಕೇ ನಾನು ನಡಿಗೆಯನ್ನು ಯಾವಾಗಲೂ ಬೀಚಿನ ದಕ್ಷಿಣ ತುದಿಯ ವಾಟರ್‌ಲೂನಲ್ಲಿ ಮುಗಿಸುವುದು. ಸೌತ್ ರೋಡಿನಲ್ಲಿ ಅಂಗಡಿಗಳಿವೆ, ಬಿಸಿ ಚಿಪ್ಸ್ ಸಿಗುತ್ತದೆ, ರೈಲು ಸ್ಟೇಷನ್ನೂ ಅಲ್ಲೇ.