ನಾಲ್ಕು ಋತುಗಳ ಚಾರ್ಟ್ ತೆಗೆದ ಮೇಲೆ: ಮೆಲ್ಬರ್ನ್ ಕಿಂಡರ್‌ನಲ್ಲಿ ನನ್ನ ಅನುಭವ

ಜುಲೈನಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಸಂಸ್ಕೃತಿಯನ್ನು ಗೌರವಿಸುವ ನೈಡಾಕ್ ವಾರ ಬಂತು ಅಂದರೆ ಚುಕ್ಕಿ ಚಿತ್ರ, ಕಾಗದದ ಬೂಮರಾಂಗ್. ವಾರ ಮುಗಿದರೆ ಎಲ್ಲ ಡಬ್ಬಕ್ಕೆ. ಎಷ್ಟೋ ಕಿಂಡರ್‌ಗಳಲ್ಲಿ, ಅಂದರೆ ಶಿಶುವಿಹಾರಗಳಲ್ಲಿ, ಅಬೊರಿಜಿನಲ್ (ಮೂಲನಿವಾಸಿ) ಜನರ ವಿಷಯ ಅಷ್ಟಕ್ಕೇ ನಿಂತುಬಿಡುತ್ತದೆ. ಆ ಚುಕ್ಕಿ ಚಿತ್ರವೋ, ಮಧ್ಯ ಆಸ್ಟ್ರೇಲಿಯಾದ ಮರುಭೂಮಿ ಜನರದ್ದು. ನಾವಿರುವುದು ಮೆರಿ ಕ್ರೀಕ್ ಹೊಳೆಯ ಪಕ್ಕ, ವುರುಂಡ್ಜೆರಿ ಎಂಬ ಮೂಲನಿವಾಸಿ ಜನರ ನೆಲದಲ್ಲಿ. ಈ ನೆಲದ್ದೇ ಆಗಬೇಕು, ದಿನಾಲೂ ಆಗಬೇಕು ಅಂತ ಹಟ ಹಿಡಿದೆ. "ನಾಲ್ಕು ವರ್ಷದ ಮಕ್ಕಳ ತಲೆಗೆ ಇದೆಲ್ಲ ಹತ್ತಲ್ಲ" ಅಂದರು ಜೊತೆಯ ಟೀಚರ್‌ಗಳು. ಈಗ ಅವರೇ ತಮ್ಮ ರೂಮ್‌ಗೂ ಮಾಡಿಕೊಡಿ ಅಂತಿದ್ದಾರೆ.

ಮೊದಲು ತೆಗೆದದ್ದು ಗೋಡೆಯ ಮೇಲಿದ್ದ ನಾಲ್ಕು ಋತುಗಳ ಚಾರ್ಟ್. ಅದರಲ್ಲಿ ಏಪ್ರಿಲ್ ಅಂದರೆ ಇಲ್ಲಿ ಶರತ್ಕಾಲ, ಕಿತ್ತಳೆ ಬಣ್ಣದ ಎಲೆ ಉದುರಬೇಕು. ಕಿಟಕಿಯಾಚೆ ನೋಡಿದರೆ ಗಮ್ ಮರ (ನೀಲಗಿರಿ ಜಾತಿಯದು) ಹಸಿರಾಗೇ ಇರುತ್ತದೆ, ಅಲ್ವಾ? ವುರುಂಡ್ಜೆರಿಯವರೂ ಸೇರಿರುವ ಕುಲಿನ್ ಜನರ ಲೆಕ್ಕದಲ್ಲಿ ಇಲ್ಲಿ ವರ್ಷಕ್ಕೆ ಏಳು ಋತು. ಮಾರ್ಚ್‌ನಲ್ಲಿ ಹಾವಿನಂಥ ಈಲ್ ಮೀನು ಹೊಳೆ ಇಳಿದು ಸಮುದ್ರಕ್ಕೆ ಹೋಗುವ ಕಾಲ. ಆಮೇಲೆ ಚಳಿಯ ವಾಂಬ್ಯಾಟ್ (ಬಿಲ ತೋಡುವ ಪ್ರಾಣಿ) ಕಾಲ. ಅಕ್ಟೋಬರ್‌ನಲ್ಲಿ ಗೊದಮೊಟ್ಟೆ ಕಾಲ. ನಮ್ಮಲ್ಲಿ ರೋಹಿಣಿ, ಆರಿದ್ರಾ, ಮಘೆ ಅಂತ ಮಳೆ ಎಣಿಸುವ ರೈತರ ಮನೆಯಲ್ಲಿ ಬೆಳೆದವಳಿಗೆ ಇದು ತಕ್ಷಣ ಹಿಡಿಸಿತು. ಬೆಳಿಗ್ಗೆ ಮಕ್ಕಳು ಅಂಗಳ ಸುತ್ತಿ ಬಂದು, ಕಂಡದ್ದನ್ನು ಖಾಲಿ ಗೋಡೆಗೆ ಅಂಟಿಸುತ್ತಾರೆ. ನೆಲ ಮುಟ್ಟಿ ವುರುಂಡ್ಜೆರಿ ಜನರನ್ನು ನೆನೆಯುವುದೂ ಅಲ್ಲೇ, ಅವರವರ ಮಾತಲ್ಲಿ. ಬಾಯಿಪಾಠ ಮಾಡಿಸುವುದಿಲ್ಲ.

ದುಡ್ಡಿನ ವಿಷಯ. ಸಿಕ್ಕಿದ್ದು ಸುಮಾರು 600 ಡಾಲರ್. ಚಿಕ್ಕ ಮಕ್ಕಳ ಕಲಿಕೆಗೆ ಇರುವ ರಾಷ್ಟ್ರೀಯ ಫ್ರೇಮ್‌ವರ್ಕ್‌ನ 2022ರ ಆವೃತ್ತಿಯಲ್ಲಿ ಮೂಲನಿವಾಸಿಗಳ ದೃಷ್ಟಿಕೋನ ಒಂದು ಪ್ರತ್ಯೇಕ ತತ್ವವಾಗಿಯೇ ಸೇರಿದೆ. ಆ ಪುಟ ತೋರಿಸಿಯೇ ಕೇಳಿದ್ದು. ಹಿಂದೆ ಅದರ ಅರ್ಧದಷ್ಟು ದುಡ್ಡಿಗೆ ತಂದ ರೆಡಿಮೇಡ್ ಕಿಟ್ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಈ ಸಲ ಹೆಚ್ಚಿನ ಪಾಲು, 400ರ ಹತ್ತಿರ, ವುರುಂಡ್ಜೆರಿ ಹಿರಿಯರೊಬ್ಬರ ಗೌರವಧನಕ್ಕೆ ಹೋಯಿತು. "ಮಕ್ಕಳ ಕಾರ್ಯಕ್ರಮ ತಾನೇ, ಸುಮ್ನೆ ಬರಲ್ವಾ?" ಅಂತ ಕೇಳಿದವರಿದ್ದರು. ಪ್ಲಂಬರ್‌ಗೆ ಕೊಡುತ್ತೇವೆ, ಈ ನೆಲದ ತಿಳಿವಳಿಕೆ ಹೇಳುವವರಿಗೆ ಕೊಡಲ್ಲ ಅಂದರೆ ಹೇಗೆ? ಆಂಟಿ (ಹಿರಿಯ ಮಹಿಳೆಯನ್ನು ಅವರಲ್ಲಿ ಗೌರವದಿಂದ ಹೀಗೆ ಕರೆಯುತ್ತಾರೆ) ಬಂದು ಹೋದ ಒಂದೂವರೆ ಗಂಟೆ ಇಡೀ ವರ್ಷದ ಕೆಲಸಕ್ಕೆ ದಾರಿ ಮಾಡಿತು. ಯಾವ ಕಥೆಯನ್ನು ನಾವು ಹೇಳಬಹುದು, ಯಾವುದನ್ನು ಅವರೇ ಹೇಳಬೇಕು ಅನ್ನುವುದೂ ಅವತ್ತೇ ತಿಳಿಯಿತು.

ಉಳಿದದ್ದು ಗಿಡಗಳಿಗೆ, ಒಂದಕ್ಕೆ 4 ಡಾಲರ್ ಆಸುಪಾಸು. ಮುರ್ನಾಂಗ್ ಗಿಡ ತಂದು ನೆಟ್ಟೆ. ಇಲ್ಲಿನ ಹೆಂಗಸರು ಕೋಲಿನಿಂದ ಅಗೆದು ಸುಟ್ಟು ತಿನ್ನುತ್ತಿದ್ದ ಗೆಡ್ಡೆ ಅದು. 1835ರ ನಂತರ ಬಿಳಿಯರ ಜೊತೆ ಕುರಿ ಮಂದೆಗಳು ಬಂದು, ಕೆಲವೇ ವರ್ಷಗಳಲ್ಲಿ ಬಯಲಿನ ಮುರ್ನಾಂಗನ್ನು ಮೇದು ಮುಗಿಸಿದವು. ನಮ್ಮ ಮೊದಲ ಕಂತಿನ ಗಿಡಗಳನ್ನು ಗೊಂಡೆಹುಳ ಒಂದೇ ರಾತ್ರಿಯಲ್ಲಿ ಖಾಲಿ ಮಾಡಿತು. ಎರಡನೆಯದು ಬೇಸಿಗೆಯಲ್ಲಿ ಎಲೆ ಒಣಗಿಸಿಕೊಂಡು ಮಲಗಿತ್ತು. ಅದರ ಸ್ವಭಾವವೇ ಹಾಗೆ. ಸತ್ತಿದೆ ಅಂತ ಯಾರೋ ಕುಂಡ ಸಮೇತ ಎಸೆದರು. ಮೂರನೆಯದಕ್ಕೆ "ಮಲಗಿದೆ, ಎಬ್ಬಿಸಬೇಡಿ" ಅಂತ ಬೋರ್ಡ್ ಹಾಕಿದೆವು. ಗೊಂಡೆಹುಳಕ್ಕೆ ಏನು ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮುರ್ನಾಂಗ್ ಮೊಗ್ಗು ಮೊದಲು ತಲೆ ಬಗ್ಗಿಸಿಕೊಂಡಿರುತ್ತದೆ. ಅರಳುವ ಹೊತ್ತಿಗೆ ನೆಟ್ಟಗಾಗಿ ಹಳದಿ ಹೂ ಬಿಡುತ್ತದೆ. ಇದನ್ನು ಮೊದಲು ಗಮನಿಸಿದ್ದು ಮಾತೇ ಆಡದ ಒಬ್ಬ ಹುಡುಗ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ತಾನೂ ಕತ್ತು ಬಗ್ಗಿಸಿ, ನಿಧಾನಕ್ಕೆ ಎತ್ತಿ ತೋರಿಸಿದ.

ನಡುವೆ ಲೊಮಾಂಡ್ರಾ ಎಂಬ ಹುಲ್ಲಿನಂಥ ಗಿಡದ ಎಲೆ ಹೆಣೆಯುವುದನ್ನೂ ನೋಡಿದೆವು. ಹಸಿ ಎಲೆ ಒಣಗುತ್ತಾ ಕುಗ್ಗಿ ಹೆಣಿಗೆ ಸಡಿಲವಾಯಿತು. ಒಣಗಿಸಿ, ಮತ್ತೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ ಚೆನ್ನಾಗಿ ಬಾಗಿತು. ಸಾಲ್ಟ್‌ಬುಷ್ ಎಂಬ ಪೊದೆಯ ಎಲೆ ಹೆಚ್ಚಿ ಚಪಾತಿ ಹಿಟ್ಟಿಗೆ ಕಲಸಿದೆ, ಉಪ್ಪೇ ಬೇಕಾಗಲಿಲ್ಲ. ಕಾಂಗರೂ ಆಪಲ್ ಗಿಡ ಮಾತ್ರ ನೆಡಲಿಲ್ಲ. ಅದರ ಹಣ್ಣಾಗದ ಕಾಯಿ ವಿಷ.

ಮುಂದಿನ ವರ್ಷದ ಬಜೆಟ್‌ನಲ್ಲಿ ಹಿರಿಯರ ಗೌರವಧನಕ್ಕೆ ಬೇರೆಯೇ ಸಾಲು ಹಾಕಿಸಿದ್ದೇನೆ. ಟರ್ಮ್‌ಗೆ ಒಂದು ಸಲವಾದರೂ ಆಂಟಿ ಬರಬೇಕು, ಏಳೂ ಋತುಗಳನ್ನು ಅವರು ನಮ್ಮ ಅಂಗಳದಲ್ಲೇ ನೋಡಿ ತಿದ್ದಬೇಕು.