ಹಿಮ್ಮಡಿ ಹಿಡಿದರೆ ಅರ್ಧ ಕೆಲಸ ಮುಗಿದಂತೆ

ತಲೆಗೆ ಪೆಟ್ಟಾಗಿ ಒಂದು ಮಗ್ಗುಲಿನ ಕೈಕಾಲು ಬಿಗಿದುಕೊಂಡ ಮಗು ಆಸ್ಪತ್ರೆಯಿಂದ ಮನೆಗೆ ಮರಳುವಾಗ ಹೆತ್ತವರ ಚೀಲದಲ್ಲಿ ವ್ಯಾಯಾಮದ ಚಿತ್ರಗಳ ಹಾಳೆಯೊಂದು ಇರುತ್ತದೆ. ಚಿತ್ರದ ಬಾಣ ಪಾದದ ತುದಿಯನ್ನು ತೋರಿಸುವುದರಿಂದ ಮನೆಯವರು ಕಾಲ್ಬೆರಳು ಹಿಡಿದು ಜಗ್ಗುತ್ತಾರೆ. ಫಿಸಿಯೋಥೆರಪಿಸ್ಟ್ ಆಗಿ ಮನೆಮನೆಗೆ ಹೋದಾಗ ನಾನು ಅತಿ ಹೆಚ್ಚು ಸಲ ತಿದ್ದಿರುವ ತಪ್ಪು ಇದೇ.

ವೈದ್ಯರ ಒಪ್ಪಿಗೆಯಿಲ್ಲದೆ ಯಾವುದನ್ನೂ ಆರಂಭಿಸಬಾರದು. ತಲೆಬುರುಡೆಯ ತುಂಡೊಂದನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದರೆ ಮಗುವನ್ನು ಕೂರಿಸುವ ಮೊದಲೇ ಶಿರಸ್ತ್ರಾಣ ತೊಡಿಸಬೇಕು. ಊಟವಾದ ಕೂಡಲೇ ವ್ಯಾಯಾಮ ಬೇಡ. ಬಿಸಿನೀರಿನ ಸ್ನಾನದ ನಂತರದ ಹೊತ್ತು ನನ್ನ ಆಯ್ಕೆ.

ಮೊದಲು ನೆಲದ ಮೇಲೆ ಜಮಖಾನ ಹಾಸಿ ಮಗುವನ್ನು ಅಂಗಾತ ಮಲಗಿಸಿ.

ಎರಡನೆಯದು ಮೀನಖಂಡವನ್ನು ಹಿಗ್ಗಿಸುವುದು. ನಿಮ್ಮ ಅಂಗೈಯ ಬಟ್ಟಲಿನಲ್ಲಿ ಮಗುವಿನ ಹಿಮ್ಮಡಿ ಪೂರ್ತಿಯಾಗಿ ಕೂರಬೇಕು, ಮುಂಗೈ ಅಂಗಾಲಿನ ಉದ್ದಕ್ಕೂ ಒರಗಿರಬೇಕು, ಇನ್ನೊಂದು ಕೈ ಮಂಡಿಯ ತುಸು ಮೇಲೆ ಕುಳಿತು ಕಾಲನ್ನು ನೇರವಾಗಿಡಬೇಕು. ಪಾದ ಹೊರಕ್ಕೆ ವಾಲದಂತೆ ನೋಡಿಕೊಂಡು, ಹಿಮ್ಮಡಿಯನ್ನು ನಿಮ್ಮ ಕಡೆಗೆ ಎಳೆಯುತ್ತಲೇ ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸಿದರೆ ಅಂಗಾಲು ತಾನಾಗಿ ಮೇಲೇಳುತ್ತದೆ. ತಡೆ ಸಿಗುವ ಹಂತ ತಲುಪಲು ಹತ್ತು ಎಣಿಸುವಷ್ಟು ಹೊತ್ತಾದರೂ ಬೇಕು, ಅಲ್ಲಿ 30 ಸೆಕೆಂಡು ನಿಲ್ಲಬೇಕು, ಬಿಡುವಾಗಲೂ ಅಷ್ಟೇ ನಿಧಾನ. ಹೀಗೆ ನಾಲ್ಕೈದು ಸಲ. ಬಳಿಕ ಮಂಡಿಯನ್ನು ಮಡಿಸಿ ಇದನ್ನೇ ಮತ್ತೆ ಮಾಡಬೇಕು, ಏಕೆಂದರೆ ಮೀನಖಂಡದ ಎರಡು ಸ್ನಾಯುಗಳಲ್ಲಿ ಒಂದು ಮಂಡಿಯನ್ನು ದಾಟಿ ಹೋಗುತ್ತದೆ, ಇನ್ನೊಂದು ದಾಟುವುದಿಲ್ಲ.

ಇಷ್ಟೊಂದು ನಿಧಾನ ಏಕೆಂದರೆ, ಸ್ನಾಯು ಥಟ್ಟನೆ ಹಿಗ್ಗಿದಾಗ ಬೆನ್ನುಹುರಿ ಅದನ್ನು ಮರಳಿ ಕುಗ್ಗಿಸುತ್ತದೆ. ಈ ಪ್ರತಿವರ್ತನೆಗೆ ಲಗಾಮು ಹಾಕುವ ಮಿದುಳಿನ ಭಾಗಕ್ಕೇ ಏಟು ಬಿದ್ದಿರುವಾಗ, ನೀವು ಎಳೆದ ವೇಗಕ್ಕೆ ತಕ್ಕಂತೆ ಬಿಗಿತವೂ ಏರುತ್ತದೆ. ಪಾದ ಟಕಟಕನೆ ಅದುರತೊಡಗಿದರೆ ಒತ್ತಡವನ್ನು ಸಡಿಲಿಸಿ. ಆಗ ನಿಲ್ಲುವ ಅದುರುವಿಕೆ ಇದೇ ಪ್ರತಿವರ್ತನೆಯದು. ಸಡಿಲಿಸಿದರೂ ನಿಲ್ಲದಿದ್ದರೆ ಅಥವಾ ಮಗುವಿನ ಎಚ್ಚರ ಮಸುಕಾದರೆ ಅದನ್ನು ಫಿಟ್ಸ್ ಎಂದೇ ತಿಳಿದು ವೈದ್ಯರನ್ನು ಕರೆಯಬೇಕು. ಇನ್ನು ಬೆರಳನ್ನು ಒತ್ತಿದಾಗ ಬಾಗುವುದು ಪಾದದ ನಡುಭಾಗ. ಕಣ್ಣಿಗೆ ಪಾದ ಮೇಲೆ ಬಂದಂತೆ ತೋರುತ್ತದೆ, ಹಿಮ್ಮಡಿ ಇದ್ದಲ್ಲೇ ಇರುತ್ತದೆ, ತಿಂಗಳುಗಟ್ಟಲೆ ಹೀಗೆ ಮಾಡಿದರೆ ಪಾದದ ಕಮಾನೇ ಕುಸಿಯುತ್ತದೆ. ಎಣ್ಣೆ ನೀವುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ನೀವಿದವರು ಕೊನೆಗೆ ಕಾಲನ್ನು ಲಟಕ್ಕೆಂದು ತಿರುಚುವುದನ್ನು ಖಂಡಿತ ಒಪ್ಪಲಾರೆ.

ಹಿಗ್ಗಿಸಿದ ಮಾತ್ರಕ್ಕೆ ಮಗು ನಡೆಯುವುದಿಲ್ಲ. ಅದು ಮುಂದಿನ ಹಂತಕ್ಕೆ ಮಾಡುವ ಸಿದ್ಧತೆಯಷ್ಟೇ. ಮಂಡಿ ಸಮಕೋನಕ್ಕೆ ಬರುವ ಎತ್ತರದ ಸ್ಟೂಲಿನಲ್ಲಿ ಕೂರಿಸಿ, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಸರಿಸಿ, ಬಲಹೀನ ಕಾಲನ್ನು ಇನ್ನೂ ತುಸು ಹಿಂದಿಟ್ಟು, ಮೂಗು ಕಾಲ್ಬೆರಳನ್ನು ದಾಟುವಷ್ಟು ಬಾಗಿ ಎದ್ದು ನಿಲ್ಲಲು ಹೇಳಿ. ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದ ಅಕ್ಷರವೊಂದನ್ನು ಅಂಟಿಸುವ ನೆಪವಿದ್ದರೆ ಬೆಳಿಗ್ಗೆ ಹತ್ತು, ಸಂಜೆ ಹತ್ತು ಸಲ ಏಳುವುದು ಮಗುವಿಗೆ ಹೊರೆಯೆನಿಸುವುದಿಲ್ಲ. ಆಧಾರ ಕೊಡುವುದಾದರೆ ಸೊಂಟ ಹಿಡಿಯಿರಿ. ಸೋತ ಕೈಯನ್ನು ಹಿಡಿದು ಎಬ್ಬಿಸಿದರೆ ಭುಜದ ಕೀಲು ಜಾರುತ್ತದೆ.

ಕೈಗೆ ಸ್ಪಂಜಿನ ಚೆಂಡು ಕೊಟ್ಟು ಹಿಸುಕಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಮುಷ್ಟಿ ಆಗಲೇ ಬಿಗಿದಿರುತ್ತದೆ. ನೆನೆಸಿದ ಅವರೆಕಾಳನ್ನು ಹಿತಕುವುದು ಅದಕ್ಕಿಂತ ಲೇಸು: ಹೆಬ್ಬೆರಳು, ತೋರುಬೆರಳು ಕೂಡುತ್ತವೆ, ಕಾಳು ಚಿಮ್ಮಿದಾಗ ಮಗು ನಗುತ್ತದೆ. ಒಳ್ಳೆಯ ಕೈಗೆ ಗವಸು ಹಾಕಿ ಸೋತ ಕೈಯನ್ನೇ ಬಳಸುವಂತೆ ಮಾಡುವ ಕ್ರಮವೂ ಇದೆ, ಆದರೆ ಅದನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವಂಥ ಪುನಶ್ಚೇತನ ವಿಭಾಗದವರ ಮೇಲ್ವಿಚಾರಣೆಯಿಲ್ಲದೆ ಮಾಡಬಾರದು.

ಮಗುವನ್ನು ನಡುವೆ ಕೂರಿಸಿ ತಳ್ಳುವ ಚಕ್ರದ ವಾಕರ್ ಕೊಳ್ಳಬೇಡಿ. ಅದರಲ್ಲಿ ಮಗು ತುದಿಗಾಲಿನಿಂದ ತಳ್ಳಿಕೊಂಡು ಹೋಗುವುದರಿಂದ ಹಿಗ್ಗಿಸಿದ್ದೆಲ್ಲ ನೀರುಪಾಲು. ಪುಟ್ಟ ಮಕ್ಕಳಿಗೆ ಆಗುತ್ತಿದ್ದ ಗಾಯಗಳ ಕಾರಣದಿಂದ ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಬಿಸಿನೀರಿನ ಚೀಲವೂ ಬೇಡ, ಸುಟ್ಟರೂ ಮಗುವಿಗೆ ತಿಳಿಯುವುದಿಲ್ಲ.

ಮಂಡಿ, ಮೊಣಕೈ ಅಥವಾ ಸೊಂಟದ ಕೀಲು ಬಿಸಿಯಾಗಿ ಊದಿಕೊಂಡರೆ ಆ ಕೀಲಿನ ವ್ಯಾಯಾಮವನ್ನು ಅಂದೇ ನಿಲ್ಲಿಸಿ, ಏಕೆಂದರೆ ಮಿದುಳಿಗೆ ಪೆಟ್ಟಾದವರಲ್ಲಿ ಕೀಲಿನ ಸುತ್ತ ಬೇಡದ ಮೂಳೆ ಬೆಳೆಯುವುದುಂಟು. ತಲೆನೋವು, ವಾಂತಿ, ಮಂಪರು ಹೊಸದಾಗಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಾದಕ್ಕೆ ಸ್ಪ್ಲಿಂಟ್ (ಪಾದವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಧಾರ) ಕೊಟ್ಟಿದ್ದರೆ ಮೊದಲ ದಿನ 20 ನಿಮಿಷ ಮಾತ್ರ ತೊಡಿಸಿ, ಬಿಚ್ಚಿ ಚರ್ಮ ನೋಡಿ. ಕೆಂಪು ಗುರುತು ಮತ್ತೆ 20 ನಿಮಿಷದೊಳಗೆ ಮಾಯವಾಗದಿದ್ದರೆ ಸ್ಪ್ಲಿಂಟಿನ ಅಳತೆ ತಪ್ಪಿದೆ. ಹತ್ತಿ ತುರುಕಿ ಸರಿಮಾಡಲು ಹೋಗದೆ ಮಾಡಿಕೊಟ್ಟವರ ಬಳಿಗೇ ಒಯ್ಯಿರಿ.